ಕರಡಿ ಕೂದಲಿನ ಬ್ರಷ್ಷು

ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ರಜೆ ಇದೆಯೆಂದು ತಡವಾಗಿ ಎದ್ದು, ಹತ್ತು ಗಂಟೆಗೆ ದಾಡಿ ಮಾಡಿಕೊಳ್ಳಲು ಕೂತರೆ ಕಥೆ ಮುಗಿಯಿತು. ಬಲಗೆನ್ನೆಗೆ ನೊರೆ ಹಚ್ಚಿ ಎಡಗೆನ್ನೆ ಮುಗಿಸುವಷ್ಟರಲ್ಲಿ ಬಲಗೆನ್ನೆಯದು ಒಣಗಿ ಉದುರಲು ಶುರುವಾಗಿರುತ್ತದೆ. ಅದರ ಮೇಲೆ ರೇಜರ್ ಎಳೆದರೆ ಅಡುಗೆಮನೆಯಿಂದ "ಏನ್ರೀ, ಒಳಗ ಕೊಬ್ಬರಿ ತುರೀತೀರೇನು?" ಎಂಬ ವಿಚಾರಣೆ ಬರುತ್ತದೆ.

ಈ ಕಷ್ಟವನ್ನು ಆಫೀಸಿನ ಗೆಳೆಯನೊಬ್ಬನ ಮುಂದೆ ತೋಡಿಕೊಂಡಿದ್ದೇ ಬಂತು. ಯಾವ ಸಾಮಾನಿನ ಹೆಸರೆತ್ತಿದರೂ ಅದರ ಜಾತಕ ಬಿಚ್ಚುವ ಆಸಾಮಿ ಅವನು. "ಬ್ಲೇಡು, ಕ್ರೀಮು ಎಲ್ಲಾ ಆಮ್ಯಾಲಿನ ಮಾತು. ನಿನ್ನ ಬ್ರಷ್ ಯಾವ ಕೂದಲಿಂದು, ಅದನ್ ಹೇಳು" ಅಂದ. ಪ್ಲಾಸ್ಟಿಕ್ ಹಿಡಿಯ ಅಗ್ಗದ ಬ್ರಷ್ಷಿಗೂ ಕುಲಗೋತ್ರ ಇರುತ್ತದೆಂದು ಯಾರಿಗೆ ಗೊತ್ತಿತ್ತು? ಹಂದಿ, ಕುದುರೆ, ಬ್ಯಾಡ್ಜರು, ಸಿಂಥೆಟಿಕ್ಕು ಅಂತ ಅವನು ಬೆರಳು ಮಡಚುತ್ತಾ ಹೋದ. ಊಟದ ವಿರಾಮ ಮುಗಿಯುವುದರೊಳಗೆ ನಾನು ಫೋನಿನಲ್ಲಿ ಒಂದನ್ನು ತರಿಸಿಯೂ ಆಗಿತ್ತು.

ಮೊದಲು ಬಂದದ್ದು ಹಂದಿ. ಡಬ್ಬಿಯ ಮೇಲೆ ಮರ್ಯಾದೆಯಿಂದ 'ಬ್ರಿಸಲ್' ಎಂದಷ್ಟೇ ಬರೆದಿದ್ದರು. ಆದರೆ ಮಗನ ಕೈಯಲ್ಲಿ ಮೊಬೈಲ್ ಇತ್ತು. "ಅಜ್ಜೀ, ಇದು ಹಂದಿ ಕೂದಲಂತ!" ಎಂದು ಪಡಸಾಲೆಯಲ್ಲೇ ಡಂಗುರ ಹೊಡೆದ. ಅವ್ವ ಓದುತ್ತಿದ್ದ ಪುರಾಣ ಮಡಚಿಟ್ಟಳು. "ಶಿವಶಿವಾ! ಹಂದಿ ಕೂದಲು ಮಾರಿಗೆ ತಿಕ್ಕೊಂಡು, ಅದೇ ಮಾರಿಗೆ ಇಬೂತಿ ಹಚ್ಕಂತೀಯೇನೋ?" ಬ್ರಷ್ಷಿಗೆ ಬಚ್ಚಲಮನೆಯ ಹೊರಗಿನ ಕಿಟಕಿಗೆ ಗಡೀಪಾರು ಆಯಿತು.

ಆ ಹಂದಿ ಬ್ರಷ್ಷಿನ ಸ್ವಭಾವವೂ ಹಾಗೇ ಇತ್ತೆನ್ನಿ. ಬಳಸುವ ಮುಂಚೆ ಕೆಲವು ನಿಮಿಷ ಬಿಸಿನೀರಲ್ಲಿ ನೆನೆಸಬೇಕು. ಬೇಸಿಗೆಯಲ್ಲಿ ಅದಕ್ಕೆ ಗೀಸರ್ ಬೇಕಿಲ್ಲ, ಮಾಳಿಗೆಯ ಟ್ಯಾಂಕಿನ ನೀರೇ ಚಹಾಕ್ಕೆ ಆಗುವಷ್ಟು ಕಾದಿರುತ್ತದೆ. ವಾರಗಟ್ಟಲೆ ತಿಕ್ಕಿದ ಮೇಲೆ ಕೂದಲಿನ ತುದಿ ಸೀಳಿ ಕವಲೊಡೆಯುತ್ತದೆ, ಆಗ ಮೃದುವಾಗುತ್ತದೆ. ಅಲ್ಲಿಯವರೆಗೆ ಚುಚ್ಚಿಸಿಕೊಳ್ಳಬೇಕು. ಇನ್ನೇನು ಅದು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಮಾಯ. ಹುಡುಕಿದರೆ, ನಮ್ಮ ಶ್ರೀಮತಿ ಅದರಿಂದ ಏರ್ ಕೂಲರ್ ಜಾಲರಿಯ ಕೆಂಪು ಧೂಳು ತೆಗೆಯುತ್ತಿದ್ದಾಳೆ. "ಭಾಳ ಚಲೋ ಐತ್ರೀ ಇದು, ಎಲ್ಲಿ ತಂದ್ರಿ?" ಎಂದು ಹೊಗಳಿದಳು ಬೇರೆ.

ಕುದುರೆ ಕೂದಲಿನದು ತರಿಸೋಣವೆಂದರೆ ಜಾತಕದ ಗೆಳೆಯ ಅಡ್ಡ ಬಂದ. ಮೊದಲನೇ ಮಹಾಯುದ್ಧದ ಕಾಲದಲ್ಲಿ, ಸರಿಯಾಗಿ ಶುದ್ಧ ಮಾಡದ ಕುದುರೆ ಕೂದಲನ್ನು ಬ್ಯಾಡ್ಜರಿನದೆಂದು ತೋರುವ ಹಾಗೆ ಬ್ರಷ್ ಕಟ್ಟಿ ಮಾರಿದ್ದರಂತೆ. ಬ್ರಿಟನ್, ಅಮೆರಿಕಗಳಲ್ಲಿ ದಾಡಿ ಮಾಡಿಕೊಂಡ ಸೈನಿಕರಿಗೆ ಅದರಿಂದ ಅಂಥ್ರಾಕ್ಸ್ ತಗುಲಿ ಕೆಲವರು ಸತ್ತೂ ಹೋದರು. ಈಗಿನ ಬ್ರಷ್ಷುಗಳಿಗೆ ಆ ಭಯವಿಲ್ಲ. ಆದರೂ ಶತ್ರುವಿನ ಗುಂಡು ತಪ್ಪಿಸಿಕೊಂಡವನು ಸೋಪಿನ ನೊರೆಗೆ ಬಲಿಯಾದ ಅಂತ ಕೇಳಿದ ಮೇಲೆ ಯಾರಿಗೆ ಧೈರ್ಯ ಬರುತ್ತದೆ? ಕುದುರೆಯನ್ನು ಅಲ್ಲಿಗೇ ಬಿಟ್ಟೆ.

ನಡುವೆ ನೀರಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಬೋರಿನ ನೀರು ಬಲು ಗಡುಸು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಕೂಡಿ ಜಿಡ್ಡುಗಸಿ ಆಗುತ್ತದೆಯೇ ಹೊರತು ನೊರೆ ಏಳುವುದಿಲ್ಲ. ನಲ್ಲಿಯಲ್ಲಿ ತುಂಗಭದ್ರೆ ಬಂದ ದಿನ ಮಾತ್ರ ಬೆಣ್ಣೆಯಂಥ ನೊರೆ, ಆದರೆ ಅವಳು ಬರುವ ದಿನ ಅವಳಿಗೇ ಗೊತ್ತು. ಒಮ್ಮೆ ಅಡುಗೆಮನೆಯ ಫಿಲ್ಟರ್ ನೀರನ್ನು ಲೋಟದಲ್ಲಿ ಕದ್ದು ಒಯ್ದಾಗ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಬರೆಯಲಾರೆ.

ಕೊನೆಗೆ ಬಂದದ್ದು ಬ್ಯಾಡ್ಜರು. ಇದರ ದರ್ಜೆಗಳೇ ಒಂದು ತಮಾಷೆ. ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಅಂತ ಮೆಟ್ಟಿಲು. ಪ್ಯೂರ್ ಎಲ್ಲಕ್ಕಿಂತ ಕೆಳಗಿನದು, ಬೆಸ್ಟ್ ಅಂದರೂ ಅದರ ಮೇಲೆ ಇನ್ನೂ ಇದ್ದಾವೆ! ನನ್ನದು ಪ್ಯೂರ್. ಹೊಸದರಲ್ಲಿ ಒದ್ದೆ ಮಾಡಿದರೆ ಮಳೆಯಲ್ಲಿ ನೆನೆದ ಪ್ರಾಣಿಯ ವಾಸನೆ. ಆದರೆ ನೀರು ಹಿಡಿದಿಡುವುದರಲ್ಲಿ ಗಟ್ಟಿಗ, ನೊರೆ ಗದ್ದದವರೆಗೂ ಹಸಿಯಾಗಿ ಬಾಳಿತು. ಅಂತೂ ಗೆದ್ದೆ ಅಂದುಕೊಳ್ಳುವಾಗ ಅವ್ವ ಕೇಳಿದಳು, "ಇದ್ಯಾವುದಪ್ಪಾ ಪ್ರಾಣಿ?"

ಫೋನಿನಲ್ಲಿ ಚಿತ್ರ ನೋಡಿದ್ದ ಮಗ, "ಸಣ್ಣ ಕರಡಿ ಇದ್ದಂಗ ಐತಜ್ಜಿ" ಅಂದ. ಅವ್ವನ ಕಿವಿಗೆ ಬಿದ್ದದ್ದು ಕರಡಿ ಒಂದೇ.

ಮರುದಿನ ಪಕ್ಕದ ಮನೆಯ ಸೊಸೆ ಬಟ್ಟಲು ಹಿಡಿದು ಬಂದಳು. ಮಗು ರಾತ್ರಿ ಬೆಚ್ಚಿಬೀಳುತ್ತದಂತೆ, ತಾಯತಕ್ಕೆ ಕರಡಿ ಕೂದಲು ಬೇಕಂತೆ. ಮೊದಲಾದರೆ ಕರಡಿ ಆಡಿಸುವವರು ಓಣಿಗೇ ಬರುತ್ತಿದ್ದರು, ಈಗ ಕೂದಲಿಗೋಸ್ಕರ ದರೋಜಿಯ ಕರಡಿಧಾಮಕ್ಕೆ ಹೋಗಲಾಗುತ್ತದೆಯೇ? ನಾನು ಸತ್ಯ ಹೇಳಲು ಹೋದೆ. ಇದು ಕರಡಿಯಲ್ಲಮ್ಮಾ, ಬ್ಯಾಡ್ಜರು, ನೀರುನಾಯಿಯ ನೆಂಟ. ನಮ್ಮ ಕಂಪ್ಲಿ ಕಡೆ ಹೊಳೆಯಲ್ಲಿ 2015ರಲ್ಲಿ ಸಂರಕ್ಷಿತ ತಾಣ ಮಾಡಿದಾರಲ್ಲ, ಅದೇ ನೀರುನಾಯಿ ಎಂದು ವಿವರಿಸಿದೆ. ಅವ್ವ ನಡುವೆ ಬಾಯಿ ಹಾಕಿದಳು. "ನೀರುನಾಯಿಗೆ ಯಾವ ದೆವ್ವ ಅಂಜ್ತೈತಿ? ಕರಡೀದಂತಾನೇ ಇರ್ಲಿ ಬಿಡು." ಬ್ರಷ್ಷಿನಿಂದ ನಾಲ್ಕು ಎಳೆ ಕಿತ್ತು ಬಟ್ಟಲಿಗೆ ಹಾಕಿದಳು.

ಮಗು ಗಡದ್ದಾಗಿ ನಿದ್ದೆ ಹೊಡೆಯಿತು. ಅದೇ ವಾರ ಅವರ ಮನೆಗೆ ಹೊಸ ಕೂಲರ್ ಬಂದಿತ್ತೆಂಬುದನ್ನು ಓಣಿಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆಮೇಲೆ ಸಾಲು ಹತ್ತಿತು. ಎದುರು ಮನೆಯವರು, ಹಿಂದಿನ ಓಣಿಯವರು, ಅವರ ಬೀಗರು. ಅಂಟು ಹಾಕಿ ಕಟ್ಟಿದ ಗೊಂಚಲು. ನಡುವೆ ನಾಲ್ಕು ಎಳೆ ಹೋದರೆ ಉಳಿದವೂ ಸಡಿಲಾಗಿ ನೊರೆಯ ಜೊತೆ ಗಲ್ಲಕ್ಕೆ ಅಂಟಿ ಬರತೊಡಗಿದವು. ದಾಡಿ ತೆಗೆದು ಮುಗಿಸಿದರೂ ಕನ್ನಡಿಯಲ್ಲಿ ದಾಡಿ ಕಾಣುತ್ತಿತ್ತು.

ಹೀಗಾಗಿ ಈಗ ಸಿಂಥೆಟಿಕ್. ಹಿಂದಿನ ಕಾಲದ ನೈಲಾನಿನ ಹಾಗೆ ಒರಟಲ್ಲ, ಬೇಗ ಒಣಗುತ್ತದೆ, ವಾಸನೆ ಇಲ್ಲ, ಅವ್ವನ ಮಡಿಗೂ ಅಡ್ಡಿಯಿಲ್ಲ. ಬೆಲೆಯೂ ಕಡಿಮೆ. ಬ್ಯಾಡ್ಜರಿನಂತೆ ಕಾಣಲೆಂದು ನಡುವೆ ಕಪ್ಪು ಪಟ್ಟಿ, ತುದಿಗೆ ಬಿಳಿ ಬಣ್ಣ ಕೊಟ್ಟಿರುತ್ತಾರೆ. ಮೊನ್ನೆ ನಾನು ಆಫೀಸಿಗೆ ಹೋಗಿದ್ದಾಗ ಯಾರೋ ಕೌಲ್ ಬಜಾರಿನಿಂದ ಹುಡುಕಿಕೊಂಡು ಬಂದರಂತೆ. ಅವ್ವ ಕನ್ನಡಕ ಇಲ್ಲದೆ ಬಚ್ಚಲಿಗೆ ಹೋಗಿ, ಹೊಸದರಿಂದಲೇ ನಾಲ್ಕು ಎಳೆ ಕಿತ್ತು ಕೊಟ್ಟಿದ್ದಾಳೆ. ಆ ಕೂಸೂ ಬೆಚ್ಚುವುದು ಬಿಟ್ಟಿದೆಯಂತೆ. ನಿನ್ನೆ ಅವರು ಒಂದು ಡಬ್ಬಿ ಕರದಂಟು ಕೊಟ್ಟು ಹೋದರು.