ಸುಮ್ನೆ ಇರಲಾರದ ಕೈ

ಚೆನ್ನಾಗಿ ಓಡುತ್ತಿದ್ದ ಕಂಪ್ಯೂಟರ್ ಅದು. ಫ್ಯಾನಿನಲ್ಲಿ ಧೂಳು ಕೂತು ಸ್ವಲ್ಪ ಗುರ್ ಅನ್ನುತ್ತಿತ್ತು ಅಷ್ಟೆ. ಒಂದ್ಸಲ ಬಿಚ್ಚಿ ಒರೆಸಿಬಿಡೋಣ ಅನ್ನಿಸಿತು. ಇರಲಾರದೆ ಇರುವೆ ಬಿಟ್ಟುಕೊಳ್ಳೋದು ಅಂದ್ರೆ ಇದೇ.

ಫ್ಯಾನಿನ ತನಕ ಬ್ರಷ್ ಹೋಗಬೇಕಾದರೆ ಹಾರ್ಡ್ ಡಿಸ್ಕ್ ಅಡ್ಡ. ನಮ್ಮದರಲ್ಲಿ ಎರಡು ಡಿಸ್ಕ್ ಇವೆ, ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಬರೀ ಫೋಟೋಗಳು. ಅಡ್ಡ ಇದ್ದದ್ದು ವಿಂಡೋಸಿನದು. ಬಿಚ್ಚಿ ಪಕ್ಕಕ್ಕಿಟ್ಟೆ, ಒರೆಸಿದೆ. ಸದ್ದು ಹೋಯ್ತಾ ನೋಡೋಣ ಅಂತ ಡಿಸ್ಕ್ ವಾಪಸ್ ಹಾಕದೆಯೇ ಒಮ್ಮೆ ಪವರ್ ಬಟನ್ ಒತ್ತಿ ಆನ್ ಮಾಡಿ, ಆಮೇಲೆ ಆಫ್ ಮಾಡಿದೆ. ಮುಂದಿನ ಮೂರು ಗಂಟೆಯ ಫಜೀತಿ ಹುಟ್ಟಿದ್ದು ಈ ಒತ್ತಿನಲ್ಲೇ, ಆದರೆ ಆಗ ನಾನು ಶಿಳ್ಳೆ ಹಾಕುತ್ತಿದ್ದೆ.

ಡಿಸ್ಕ್ ಜೋಡಿಸಿ ಆನ್ ಮಾಡಿದರೆ ಕಪ್ಪು ಪರದೆ, ಮೇಲೆ ಬಿಳಿಯ ಒಂದು ಸಾಲು. ಬೂಟ್ ಆಗುವ, ಅಂದ್ರೆ ಕಂಪ್ಯೂಟರನ್ನು ಶುರು ಮಾಡಬಲ್ಲ, ಡಿಸ್ಕ್ ಹಾಕಿ ಯಾವುದಾದರೂ ಕೀ ಒತ್ತಿ ಅಂತ. ಒತ್ತಿದೆ. ಅದೇ ಸಾಲು ಕೆಳಗೆ ಇನ್ನೊಂದು ಸಲ ಬಂತು. ಮತ್ತೆ ಒತ್ತಿದೆ. ಪರದೆ ತುಂಬುವವರೆಗೂ ಒತ್ತಿದೆ ಅಂತ ಹೇಳಿಕೊಳ್ಳೋಕೆ ನಾಚಿಕೆ.

"ಅಪ್ಪಾ, ನಾಳೆಗೆ ಪ್ರಾಜೆಕ್ಟ್ ಪ್ರಿಂಟ್ ತೆಗೀಬೇಕು," ಅಂದಳು ಮಗಳು.

"ಐದೇ ನಿಮಿಷ ಪುಟ್ಟಿ."

ಡಿಸ್ಕಿನ ಮೇಲೆ ಬೆರಳಿಟ್ಟು ನೋಡಿದೆ, ನಾಡಿ ನೋಡುವ ಹಾಗೆ. ಸಣ್ಣಗೆ ನಡುಗುತ್ತಿತ್ತು. ಜೀವ ಇದೆ! ಆದರೆ ತಿರುಗೋಕೆ ಕರೆಂಟ್ ಸಿಕ್ಕರೆ ಸಾಕು, ಮಾತಾಡೋಕೆ ಬೇರೆ ಕೇಬಲ್ ಬೇಕು ಅನ್ನೋದು ತಲೆಗೆ ಹೊಳೆಯೋಕೆ ಅರ್ಧ ಗಂಟೆ ಹಿಡಿಯಿತು. ನಮ್ಮದು ಸಾಟಾ ಅನ್ನೋ ಬಗೆಯ ಡಿಸ್ಕ್, ಅದಕ್ಕೆ ಎರಡು ಬಾಯಿ. ಅಗಲದ್ದು ಕರೆಂಟಿಗೆ, 15 ಪಿನ್. ಚಿಕ್ಕದು ಡೇಟಾಗೆ, 7 ಪಿನ್. ಆ ಚಿಕ್ಕ ಕೇಬಲ್ ನೋಡೋಕೆ ಕೂತ ಹಾಗೇ ಇತ್ತು, ಬೆರಳು ತಾಗಿಸಿದರೆ ಅಲ್ಲಾಡಿತು. ಒತ್ತಿದೆ. ವಿಂಡೋಸಿಗಿಂತ ಮೊದಲೇ ಏಳುವ ಬಯೋಸ್ ಅನ್ನೋದರ ಸೆಟ್ಟಿಂಗ್ ಒಳಗೆ ಹೋದರೆ ಎರಡೂ ಡಿಸ್ಕಿನ ಹೆಸರು ಕಂಡವು. ಗೆದ್ದೆ ಅಂದುಕೊಂಡು ರೀಸ್ಟಾರ್ಟ್ ಮಾಡಿದೆ.

ಅದೇ ಬಿಳಿ ಸಾಲು.

ಇಲ್ಲಿಂದ ನನ್ನ ಬುದ್ಧಿ ಕೆಟ್ಟಿತು. ಯಾವುದರಿಂದ ಮೊದಲು ಶುರುವಾಗಬೇಕು ಅನ್ನೋ ಪಟ್ಟಿ, ಬೂಟ್ ಆರ್ಡರ್ ನೋಡಿದೆ, ಮೊದಲು ಹಾರ್ಡ್ ಡಿಸ್ಕ್ ಅಂತಲೇ ಇತ್ತು. ಸರಿಯಾಗೇ ಇದೆಯಲ್ಲ ಅಂತ ಬೇರೆ ಕಡೆ ಕೈ ಹಾಕಿದೆ. ಸಾಟಾ ಮೋಡ್ ಅಂತ ಒಂದು ಕಂಡಿತು, ಎಎಚ್‌ಸಿಐ ಅಂತಿತ್ತು. ಏನಂತ ಗೊತ್ತಿಲ್ಲ, ಆದರೂ ಐಡಿಇ ಮಾಡಿದೆ. ಯಾಕೆ ಅಂತ ಕೇಳಬೇಡಿ. ಅರ್ಥವಾಗದ್ದನ್ನೇ ಮೊದಲು ಬದಲಿಸೋದು ನನ್ನ ಪದ್ಧತಿ. ಏನೂ ಪ್ರಯೋಜನ ಆಗಲಿಲ್ಲ, ಬದಲಿಸಿದ್ದು ಆಮೇಲೆ ಮರೆತೂ ಹೋಯಿತು.

"ಅಪ್ಪಾ, ಐದು ನಿಮಿಷ ಆಯ್ತಾ?"

"ಆಗ್ತಾ ಇದೆ ಕಣೇ."

ಇನ್ನೊಂದು ಗಂಟೆ ಆದ ಮೇಲೆ, ಬಾಣದ ಕೀ ತಪ್ಪಿ ಒತ್ತಿ, ಕೆಳಗೊಂದು ಮೆನು ತೆರೆಯಿತು. ಅಲ್ಲಿತ್ತು ನೋಡಿ ಗುಟ್ಟು. ಮೇಲಿನ ಪಟ್ಟಿ ಹೇಳೋದು ಹಾರ್ಡ್ ಡಿಸ್ಕ್ ಮೊದಲು ಅಂತ ಮಾತ್ರ, ಇರೋ ಡಿಸ್ಕುಗಳಲ್ಲಿ ಯಾವುದು ಮೊದಲು ಅನ್ನೋದು ಈ ಒಳಗಿನ ಪಟ್ಟಿಯಲ್ಲಿ. ನಾನು ಡಿಸ್ಕ್ ಇಲ್ಲದೆ ಆನ್ ಮಾಡಿದ್ದೆನಲ್ಲ, ಆಗ ಬಯೋಸ್, ದೊಡ್ಡವರು ಮನೆ ಬಿಟ್ಟು ಹೋದರು ಅಂದುಕೊಂಡು ಫೋಟೋ ಡಿಸ್ಕನ್ನೇ ಯಜಮಾನ ಮಾಡಿಬಿಟ್ಟಿತ್ತು. ದೊಡ್ಡವರು ವಾಪಸ್ ಬಂದರೂ ಜಾಗ ಸಿಕ್ಕಿದ್ದು ಕೊನೆಯಲ್ಲಿ. ಫೋಟೋಗಳಿಂದ ಯಾವ ಕಂಪ್ಯೂಟರ್ ತಾನೇ ಶುರುವಾಗುತ್ತೆ ಹೇಳಿ?

ವಿಂಡೋಸ್ ಡಿಸ್ಕನ್ನು ಮೇಲಕ್ಕೆ ತಂದು ಸೇವ್ ಮಾಡಿದೆ. ವಿಂಡೋಸ್ ಗುರುತು ಬಂತು! ಮಗಳನ್ನು ಕೂಗಿದೆ. ಅವಳು ಬಂದು ನಿಲ್ಲುವಷ್ಟರಲ್ಲಿ ಪರದೆ ನೀಲಿಯಾಗಿ, ಅಳುಮುಖವೊಂದು ಬಂದು ಕೂತಿತ್ತು. ಕೆಳಗೆ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ ಬರೆದಿತ್ತು.

"ಇದು ಮೊದಲಿಗಿಂತ ಜಾಸ್ತಿ ಹಾಳಾಗಿದೆ ಅಲ್ವಾ?" ಅಂದಳು.

ಡಿಸ್ಕ್ ಹೋಯ್ತು ಅಂತಲೇ ಅಂದುಕೊಂಡೆ. ಎದ್ದು ನೀರು ಕುಡಿದು ಬರುವಾಗ ಥಟ್ಟನೆ ಐಡಿಇ ನೆನಪಾಯಿತು. ಎಎಚ್‌ಸಿಐ ಅಂತಲೇ ವಿಂಡೋಸ್ ಹಾಕಿಸಿಕೊಂಡಿದ್ದ ಡಿಸ್ಕಿಗೆ, ಕಂಪ್ಯೂಟರ್ ಜೊತೆ ಮಾತಾಡುವ ದಾರಿಯನ್ನೇ ನಾನು ಬದಲಿಸಿದ್ದೆ. ಹಳೆಯದಕ್ಕೆ ಮರಳಿಸಿದೆ. ಆನ್ ಆಯಿತು, ಏನೂ ಆಗೇ ಇಲ್ಲ ಅನ್ನೋ ಹಾಗೆ.

ಮಗಳು ಎರಡು ನಿಮಿಷದಲ್ಲಿ ಪ್ರಿಂಟ್ ತೆಗೆದುಕೊಂಡು ಶಟ್‌ಡೌನ್ ಮಾಡಿ ಹೋದಳು. ಕ್ಯಾಬಿನೆಟ್ಟಿನ ಮುಚ್ಚಳ ಇನ್ನೂ ಮಂಚದ ಕೆಳಗಿದೆ. ಹಾಕೋಕೆ ಹೋಗಿಲ್ಲ. ಫ್ಯಾನ್ ಈಗಲೂ ಗುರ್ ಅನ್ನುತ್ತಿದೆ.