ಉಣ್ಣದವನು ಹೇಳಿದ ಉಪ್ಪು

ಸಂತೆಯಲ್ಲಿ ಬದನೆಕಾಯಿ ಕೊಳ್ಳದೆ ಸುಮ್ನೆ ‘ಹುಳ ಇದೆ’ ಎಂದು ಕೂಗಿ ನೋಡಿ. ಮಾರುವ ಅಮ್ಮ ನಿಮ್ಮ ಮೂರು ತಲೆಮಾರಿನ ಜಾತಕ ಬಿಡಿಸಿ ಇಡುತ್ತಾಳೆ. ಇಬೇ ಎಂಬ ಇಂಟರ್ನೆಟ್ ಹರಾಜುಕಟ್ಟೆಯಲ್ಲಿ ಹಾಗಲ್ಲ. ಅಲ್ಲಿ ಅಮ್ಮ ‘ನಿಮ್ಮಂಥ ಗಿರಾಕಿ ಸಿಗೋದು ನಮ್ಮ ಪುಣ್ಯ’ ಅನ್ನಬಹುದು. ಇಲ್ಲವೇ ಬಾಯಿ ಮುಚ್ಚಿಕೊಂಡು ಕೂರಬಹುದು.

1995ರಲ್ಲಿ ಪಿಯರ್ ಒಮಿದ್ಯಾರ್ ಅಮೆರಿಕದಲ್ಲಿ ಇದನ್ನು ಶುರು ಮಾಡಿದಾಗ ಮೊದಲು ಬಿಕರಿಯಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. 14.83 ಡಾಲರ್! ಕೆಟ್ಟಿದೆ ಅಂತ ಗೊತ್ತಿದ್ದೂ ಕೊಂಡ ಪುಣ್ಯಾತ್ಮ. ಎಲ್ಲ ಗಿರಾಕಿಗಳೂ ಇವನ ಹಾಗೇ ಅಂತ ಅಂದುಕೊಂಡರೋ ಏನೋ.

ಮರುವರ್ಷವೇ ಕೊಂಡವರು, ಮಾರಿದವರು ಒಬ್ಬರಿಗೊಬ್ಬರು ಪ್ಲಸ್ಸೋ ಮೈನಸ್ಸೋ ಕೊಟ್ಟು ಅಭಿಪ್ರಾಯ ಬರೆಯುವ ಪದ್ಧತಿ ಬಂತು. ನೀನು ನನಗೆ ಮೈನಸ್ ಕೊಟ್ಟರೆ ನಾನು ನಿನಗೂ ಕೊಡ್ತೀನಿ ಎಂಬ ಜಗಳವೂ ಜೊತೆಗೇ ಬಂತು. ಜಗಳ ನಿಲ್ಲಿಸಲು ಕಂಪನಿ 2008ರಲ್ಲಿ ಒಂದು ಉಪಾಯ ಮಾಡಿತು: ಇಬ್ಬರಲ್ಲಿ ಒಬ್ಬರ ಕೈ ಕಟ್ಟಿಹಾಕಿತು. ಮಾರುವವರು ಇನ್ನು ಮೇಲೆ ಪ್ಲಸ್ ಮಾತ್ರ ಕೊಡಬೇಕು. ಪ್ಲಸ್ ಒತ್ತಿ ಪಕ್ಕದಲ್ಲಿ ‘ದುಡ್ಡು ಕೊಡದ ಭೂಪ’ ಎಂದು ಬರೆದರೆ ಅದೂ ತಪ್ಪು! ಮಾರಾಟಗಾರರು ಸಿಟ್ಟಾಗಿ ಬಹಿಷ್ಕಾರ ಹೂಡಿದರು. ನಿಯಮ ಅಲ್ಲಾಡಲಿಲ್ಲ.

ಒಬ್ಬ ಅಜ್ಜಿ ಹಳೇ ಪಿಂಗಾಣಿ ಕಪ್ಪು-ಸಾಸರ್ ಹರಾಜಿಗಿಟ್ಟರು ಅಂದುಕೊಳ್ಳಿ. ಒಬ್ಬ 40 ಡಾಲರಿಗೆ ಕೂಗಿ ಗೆದ್ದ. ದುಡ್ಡು ಬರಲಿಲ್ಲ. ಅಜ್ಜಿ ಒಂದು ಸಾರಿ ಕೇಳಿದರು, ಎರಡು ಸಾರಿ ಕೇಳಿದರು. ಮೂರನೇ ಸಾರಿಗೆ ಉತ್ತರ ಬಂತು, ಮೈನಸ್ ರೂಪದಲ್ಲಿ: ‘ಕಪ್ಪಿನ ಬಣ್ಣ ಚೆನ್ನಾಗಿಲ್ಲ, ಪ್ಯಾಕಿಂಗ್ ಕಳಪೆ.’ ಕಪ್ಪು ಇನ್ನೂ ಅಜ್ಜಿಯ ಬೀರುವಿನಲ್ಲೇ ಇದೆ. ಸುತ್ತಲು ಹಳೇ ಪೇಪರ್ ಕೂಡ ತೆಗೆದಿಲ್ಲ.

ಇದಕ್ಕೂ ರಕ್ಷಣೆ ಉಂಟು, ಇಲ್ಲ ಅಂದರೆ ಪಾಪ ಬರುತ್ತೆ. ಅಜ್ಜಿ ಮೊದಲು ದಿನ ಎಣಿಸುತ್ತಾ ಕಾಯಬೇಕು. ಆಮೇಲೆ ‘ದುಡ್ಡು ಬಂದಿಲ್ಲ’ ಎಂದು ಕಾರಣ ಕೊಟ್ಟು ವ್ಯಾಪಾರ ರದ್ದು ಮಾಡಬೇಕು. ಆಗ ಕಂಪನಿ ಆ ಮೈನಸ್ ಅಳಿಸುತ್ತದೆ. ಅಜ್ಜಿ ಬೇಜಾರಾಗಿ ‘ಹಾಳಾಗಿ ಹೋಗಲಿ’ ಎಂದು ರದ್ದು ಮಾಡದೆ ಬಿಟ್ಟರೋ, ಕೊಳ್ಳದವನ ಅಭಿಪ್ರಾಯ ಕೊಂಡವರದ್ದರ ಪಕ್ಕದಲ್ಲೇ ಕಾಲು ಚಾಚಿ ಕೂರುತ್ತದೆ. ಊಟಕ್ಕೆ ಬಾರದವನು ಸಾರಿಗೆ ಉಪ್ಪು ಕಮ್ಮಿ ಅಂದರೆ, ಅವನು ಬಂದಿರಲಿಲ್ಲ ಅಂತ ಅಡುಗೆಯವರೇ ಅರ್ಜಿ ಹಾಕಬೇಕು, ಅಲ್ವಾ?

ಕೊನೆಗೆ ಮೈನಸ್ ಅಳಿಯಿತು ಅನ್ನಿ. ಅಜ್ಜಿ ಕಪ್ಪನ್ನು ಒರೆಸಿ ಮತ್ತೆ ಹರಾಜಿಗಿಟ್ಟರು. ಹೊಸ ಗಿರಾಕಿ ಹೇಗೋ ಏನೋ ಎಂದು ಅವನ ಬಗ್ಗೆ ಬೇರೆ ಮಾರಾಟಗಾರರು ಏನು ಬರೆದಿದ್ದಾರೆ ಅಂತ ಕನ್ನಡಕ ಏರಿಸಿ ನೋಡಿದರು. ಎಲ್ಲವೂ ಪ್ಲಸ್. ಹಳೇ ಗಿರಾಕಿಯ ಪುಟವನ್ನೂ ತೆಗೆದರು. ಅಲ್ಲೂ ಒಂದೇ ಒಂದು ಮೈನಸ್ ಇಲ್ಲ.