ತೆರಿಗೆ ಬಾಕಿ ಕಟ್ಟಿದರೆ ಅಮೆರಿಕದಲ್ಲಿ ಮನೆ ಸಿಗುತ್ತದೆಯೇ?

"ಅಮೆರಿಕದಲ್ಲಿ ಯಾರದ್ದೋ ಮನೆಯ ತೆರಿಗೆ ಬಾಕಿ ಕಟ್ಟಿಬಿಡಿ, ಮನೆ ನಿಮ್ಮದು" ಎಂಬ ಸಂದೇಶ ಓಡಾಡುತ್ತಿದೆ. ಡಲ್ಲಾಸ್‌ನಲ್ಲಿ ಮಗ, ಮಗಳು ಇರುವವರಿಗಂತೂ ಜಾಸ್ತಿ ಆಸೆ ಹುಟ್ಟಿಸುವ ಮಾತು. ಅರ್ಧ ಸತ್ಯ ಅಷ್ಟೇ.

ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯದಲ್ಲೇ ನೋಡಿ. ತೆರಿಗೆ ಕಟ್ಟದ ಆಸ್ತಿಯನ್ನು ಕೋರ್ಟ್ ತೀರ್ಪಿನ ನಂತರ ಹರಾಜು ಹಾಕುತ್ತಾರೆ, ಸಾಮಾನ್ಯವಾಗಿ ತಿಂಗಳ ಮೊದಲ ಮಂಗಳವಾರ. ಬಾಕಿ ಮೊತ್ತದಿಂದ ಕೂಗು ಶುರುವಾಗುತ್ತದೆ, ನಿಜ. ಆದರೆ ಒಳ್ಳೆಯ ಮನೆಗೆ ನೀವೊಬ್ಬರೇ ಕೂಗುತ್ತೀರಾ? ಜಾಸ್ತಿ ಕೂಗಿದವರಿಗೆ ಅದು ಹೋಗುತ್ತದೆ.

ಗೆದ್ದರೂ ಕಥೆ ಮುಗಿಯದು. ಹಳೆಯ ಮಾಲೀಕ ವಾಸವಿದ್ದ ಮನೆ ಅಥವಾ ಕೃಷಿ ಜಮೀನಾದರೆ, ನಿಮ್ಮ ಕ್ರಯಪತ್ರ ನೋಂದಣಿಯಾಗಿ 2 ವರ್ಷದವರೆಗೆ ಆತ ಹಣ ಕೊಟ್ಟು ಅದನ್ನು ವಾಪಸ್ ಬಿಡಿಸಿಕೊಳ್ಳಬಹುದು. ಉಳಿದ ಬಹುತೇಕ ಆಸ್ತಿಗೆ 180 ದಿನ. ಹಾಗೆ ಬಿಡಿಸಿಕೊಂಡರೆ, ನೀವು ಕೊಟ್ಟ ಹಣದ ಜೊತೆ ಮೊದಲ ವರ್ಷವಾದರೆ ಶೇ. 25, ಎರಡನೇ ವರ್ಷವಾದರೆ ಶೇ. 50 ಹೆಚ್ಚುವರಿ ಸಿಗುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಅಷ್ಟರೊಳಗೆ ಹೊಸ ಅಡುಗೆಮನೆ ಕಟ್ಟಿಸಿದ್ದರೆ ಆ ಖರ್ಚು ನಿಮ್ಮ ತಲೆಗೇ. ಕಾಪಾಡಲು ಬೇಕಾದ ವೆಚ್ಚ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಸಾಮಾನ್ಯವಾಗಿ ಹರಾಜಿಗೆ ಮುಂಚೆ ಮನೆಯೊಳಗೆ ಇಣುಕಿ ನೋಡಲೂ ಆಗುವುದಿಲ್ಲ. ಒಳಗೆ ಜನ ಇದ್ದರೆ ಅವರನ್ನು ಖಾಲಿ ಮಾಡಿಸುವ ಕೆಲಸವೂ ನಿಮ್ಮದೇ.

ಇನ್ನೊಂದು ವಿಷಯ. ಹರಾಜಿಲ್ಲದೆ ಸುಮ್ನೆ ಬೇರೆಯವರ ತೆರಿಗೆ ಕಟ್ಟಿದರೆ? ಅವರ ಬಾಕಿ ತೀರುತ್ತದೆ. ಮನೆ ಅವರದೇ.